ಹಲ್ಲಿನ ಕಾಲೇಜಿಗೆ ಸಂಬಂಧ ವಿಚಾರಿಸಿದ್ದು

ವಿಷಯವನ್ನು ನೇರವಾಗಿ ಕೇಳುವುದು ಮರ್ಯಾದಸ್ಥರ ಲಕ್ಷಣ ಎಂದರೆ ನಮ್ಮ ಸೀಮೆಯಲ್ಲಿ ಯಾರೂ ಒಪ್ಪುವುದಿಲ್ಲ. ಪಕ್ಕದ ಮನೆಯಾಕೆ ಹೆಪ್ಪಿಗೆ ಒಂದು ಚಮಚ ಮೊಸರು ಬೇಕೆಂದು ಬಂದರೂ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬರುತ್ತಾಳೆ. ನಾಲೆಗೆ ನೀರು ಬಿಟ್ಟರಾ, ಕಬ್ಬು ಕಡಿಯೋಕೆ ಆಳು ಸಿಕ್ಕರಾ, ನಿಮ್ಮ ಅತ್ತೆಯ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿ, ಎದ್ದು, ಹೊರಟು, ಹೊಸಿಲು ದಾಟುವಾಗ ತಿರುಗಿ ನಿಂತು “ಅಂದಂಗೆ...” ಅನ್ನುತ್ತಾಳೆ. ಆ “ಅಂದಂಗೆ” ಆದ ಮೇಲೆ ಬರುವುದೇ ವಿಷಯ, ಅಲ್ಲಿಯವರೆಗಿನದೆಲ್ಲ ಒಗ್ಗರಣೆ. ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ‘ಪ್ರಶ್ನೆಗೆ ಉತ್ತರ ಬರೆ, ಪುರಾಣ ಬೇಡ’ ಎಂದು ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಗೀಚುವುದು ನನ್ನ ಕಸುಬು. ಆದರೆ ಮನೆ ಇರುವುದು ಕ್ಯಾತನಹಳ್ಳಿಯಲ್ಲಿ. ಸಂಜೆ ಬಸ್ಸಿಳಿದ ಕೂಡಲೇ ನಾನೂ ‘ಅಂದಂಗೆ’ ಜಾತಿಗೆ ಸೇರಿಬಿಡುತ್ತೇನೆ. ಈ ಗುಣದಿಂದಾಗಿ ನನ್ನ ಮಗಳ ಭವಿಷ್ಯ ಒಂದು ಭಾನುವಾರ ನಮ್ಮ ಹಜಾರದಲ್ಲಿ ಹೇಗೆ ಹರಾಜಿಗೆ ಬಿತ್ತು ಎನ್ನುವುದನ್ನು ನಿಮಗೆ ಹೇಳಬೇಕು. ನೇರವಾಗಿ ಹೇಳುತ್ತೇನೆ ಎಂದು ಮಾತ್ರ ಭಾಷೆ ಕೊಡಲಾರೆ.

ಮಗಳು ರಕ್ಷಿತಾ ಹಲ್ಲಿನ ಡಾಕ್ಟರು. ಶ್ರೀರಂಗಪಟ್ಟಣದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ದಿನವಿಡೀ ಊರವರ ಬಾಯಿಗೆ ಟಾರ್ಚು ಬಿಟ್ಟು ಸುಸ್ತಾಗಿ ಬಂದವಳು ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು, “ಅಮ್ಮ, ನಾನು ಅಮೆರಿಕದಲ್ಲಿ ಓದ್ತೀನಿ” ಎಂದಳು. ನೋಡಿ, ಎಷ್ಟು ನೇರ! ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ಅನುಮಾನ. ಓದಿದ್ದಾಯಿತಲ್ಲೇ, ಡಾಕ್ಟರೂ ಆದೆಯಲ್ಲೇ, ಇನ್ನೇನು ಓದೋದು ಎಂದು ಕೇಳಿದೆ. ಇಲ್ಲಿಯ ಡಿಗ್ರಿ ಇಟ್ಟುಕೊಂಡು ಅಲ್ಲಿ ಯಾರ ಹಲ್ಲನ್ನೂ ಮುಟ್ಟುವ ಹಾಗಿಲ್ಲವಂತೆ. ಅಲ್ಲಿಯ ಕಾಲೇಜಿಗೇ ಸೇರಿ ಮತ್ತೆ ಎರಡು ಮೂರು ವರ್ಷ ಓದಬೇಕಂತೆ. “ನಮ್ಮ ಕಡೆ ಜನ ನೋವು ತಡೆಯೋಕಾಗದೆ ಇದ್ದಾಗ ಬರ್ತಾರೆ, ನಾವು ಕೀಳ್ತೀವಿ. ನನಗೆ ಕಿತ್ತು ಕಿತ್ತು ಬೇಜಾರಾಗಿದೆ ಅಮ್ಮ. ಹಲ್ಲು ಉಳಿಸೋದನ್ನ ಚೆನ್ನಾಗಿ ಕಲೀಬೇಕು” ಎಂದಳು. ಅವಳು ಹಾಗೆ ಅಂದಾಗ ನನಗೆ ಹೆಮ್ಮೆಯಾಯಿತು, ಜೊತೆಗೇ ಭಯವೂ ಆಯಿತು. ಇರುವವಳೊಬ್ಬಳೇ ಮಗಳು.

ಹೋಗುತ್ತೇನೆ ಎಂದರೆ ಟಿಕೆಟು ತೆಗೆಯುವುದಷ್ಟೇ ಎಂದುಕೊಂಡಿದ್ದೆ. ಮೊದಲ ಕಗ್ಗಂಟೇ ಯಾವ ಕಾಲೇಜಿಗೆ ಅರ್ಜಿ ಹಾಕುವುದು ಎನ್ನುವುದು. ಕೆಲವು ಕಾಲೇಜಿನವರು ಪರದೇಶದವರನ್ನು ತೆಗೆದುಕೊಳ್ಳುವುದೇ ಇಲ್ಲ. ಇನ್ನು ಕೆಲವರು ತೆಗೆದುಕೊಳ್ಳುತ್ತಾರೆ, ಆದರೆ ಪರದೇಶದವರು ಅಲ್ಲೇ ಬೇರುಬಿಟ್ಟು ಅಲ್ಲಿಯವರೇ ಆಗಿರಬೇಕು. ಕೆಲವರಿಗೆ ಅವರ ಪರೀಕ್ಷೆಯ ಅಂಕ ಬೇಕು, ಕೆಲವರಿಗೆ ಮೇಷ್ಟರುಗಳ ಶಿಫಾರಸು ಬೇಕು. ಮತ್ತೆ ಕೆಲವರು ಕರೆಸಿ, ಎದುರಿಗೆ ಕೂರಿಸಿ, ಪ್ಲಾಸ್ಟಿಕ್ ಹಲ್ಲು ಕೊರೆಸಿ ಕೈ ಎಷ್ಟು ಸ್ಥಿರವಾಗಿದೆ ಎಂದು ನೋಡುತ್ತಾರಂತೆ. ಪ್ರತಿಯೊಬ್ಬರಿಗೂ ‘ನಿಮ್ಮ ಕಾಲೇಜೇ ಯಾಕೆ ಬೇಕು’ ಎಂದು ಬೇರೆಬೇರೆ ಪ್ರಬಂಧ ಬರೆಯಬೇಕು. ಹಾಗಾಗಿ ಕಂಡಕಂಡ ಕಡೆ ಹಾಕುವಂತಿಲ್ಲ, ಕೆಲವನ್ನೇ ಆರಿಸಿಕೊಳ್ಳಬೇಕು. ಮಗಳು ರಜೆಯ ದಿನಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕಾಲೇಜು ಆರಿಸತೊಡಗಿದಳು.

ಕೊರೆಯುವ ಅಭ್ಯಾಸಕ್ಕೆಂದು ಪ್ಲಾಸ್ಟಿಕ್ಕಿನ ದವಡೆಯೊಂದನ್ನು ತಂದು ಊಟದ ಮೇಜಿನ ಅಂಚಿಗೆ ಬಿಗಿದಳು. ನಮ್ಮ ಅತ್ತೆ ಬೆಳಿಗ್ಗೆ ಎದ್ದು ಬಂದು ಅದನ್ನು ಕಂಡು, “ಅಯ್ಯೋ ಶಿವನೆ, ಯಾರದವ್ವ ಇದು? ಪಾಪ, ಬಾಯ್ ಬುಟ್ಕಂಡೇ ಒಂಟೋಗವ್ರಲ್ಲ!” ಎಂದು ಕೈಮುಗಿದರು. ಪ್ಲಾಸ್ಟಿಕ್ಕಿನದು ಎಂದು ತಿಳಿದ ಮೇಲೆ ಅವರಿಗೆ ಬೇರೆಯೇ ಸಂಕಟ ಶುರುವಾಯಿತು. “ಇಷ್ಟ್ ಒಳ್ಳೆ ಅಲ್ನ ಯಾಕಮ್ಮಿ ಸುಮ್ಕೆ ಕೊರೀತೀಯ? ನಂಗಾರ ಕೊಡು” ಎನ್ನುತ್ತ ಮೊಮ್ಮಗಳ ಹಿಂದೆ ಬಿದ್ದರು. ಅವರದೂ ತಪ್ಪಲ್ಲ. ನಮ್ಮದು ಕಬ್ಬಿನ ಸೀಮೆ. ಜಲ್ಲೆಯನ್ನು ಕತ್ತಿಯಲ್ಲಿ ಹೆರೆದು ತಿನ್ನುವವನನ್ನು ನಮ್ಮ ಕಡೆ ಗಂಡಸೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಲ್ಲಿನಲ್ಲೇ ಸಿಗಿಯಬೇಕು. ಆಲೆಮನೆಗೆ ಹೋದರೆ ಬಿಸಿ ಬೆಲ್ಲ, ಮನೆಗೆ ಬಂದರೆ ಎಲೆಅಡಿಕೆ. ಹೀಗೆ ಬಾಳಿ ಬದುಕಿದ ನಮ್ಮ ಅತ್ತೆಯ ಬಾಯಲ್ಲಿ ಈಗ ಮಾತಿಗೆ ಏನೂ ಅಡ್ಡಿಯಿಲ್ಲ.

ನಾವು ಗಂಡ ಹೆಂಡತಿ ಕಾಲೇಜನ್ನು ಅಳೆಯಲು ಬೇರೆಯೇ ಕೋಲು ಇಟ್ಟುಕೊಂಡಿದ್ದೆವು. ಆ ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎನ್ನುವುದು ಆಮೇಲಿನ ಮಾತು, ಆ ಊರಿನಲ್ಲಿ ನಮ್ಮೋರು ಯಾರಿದ್ದಾರೆ? ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರು ಯಾರು? ನಮ್ಮ ಯಜಮಾನರು ಕಬ್ಬು ಬೆಳೆದು, ಹಸು ಕಟ್ಟಿ, ಡೈರಿಗೆ ಹಾಲು ಹಾಕುವವರು. “ಎಣ್ ಕೊಡೋ ಮನೆ ಆಗ್ಲಿ, ತರೋ ಅಸ ಆಗ್ಲಿ, ಮೊದ್ಲು ವಿಚಾರುಸ್ಬೇಕು ಕಣಮ್ಮಿ. ಕಾಲೇಜೇನ್ ಮೇಲಿಂದ ಉದುರ್ತಾ?” ಎಂದರು. ಮಗಳ ಪಟ್ಟಿಯಲ್ಲಿ ಬಫೆಲೊ ಎಂಬ ಊರೂ ಇತ್ತು. ಹಾಗೆಂದರೆ ಎಮ್ಮೆ ಎಂದು ತಿಳಿದದ್ದೇ ತಡ, ಅವರು ಕಣ್ಣರಳಿಸಿ, “ಅಲ್ಗೇ ಆಕು ಮಗ. ಎಮ್ಮೆ ಎಸ್ರು ಇಟ್ಕಂಡಿರೋ ಊರೋರು ಕೆಟ್ಟೋರಾಗಿರಕ್ಕಿಲ್ಲ” ಎಂದರು. ಅಲ್ಲಿ ಸೊಂಟದವರೆಗೆ ಹಿಮ ಬೀಳುತ್ತದೆ ಎಂದು ಮಗಳು ಹೇಳಿದ ಮೇಲೆ, “ಅಂಗಾದ್ರೆ ಮೇವಿಗೇನ್ ಮಾಡ್ತರೆ?” ಎಂದು ಚಿಂತೆಗೆ ಬಿದ್ದರು.

ಪಟ್ಟಿಯಲ್ಲಿ ಮಿಷಿಗನ್ನಿನ ಒಂದು ಊರಿತ್ತು. ನಾಗಮಂಗಲದ ಚಿಕ್ಕಣ್ಣನವರ ಮಗ ಅದೇ ಊರಿನಲ್ಲಿ ಮಣ್ಣಿನ ಬಗ್ಗೆ ಏನೋ ಸಂಶೋಧನೆ ಮಾಡುತ್ತಿದ್ದಾನೆಂದು ಸುದ್ದಿ ಸಿಕ್ಕಿತು. ಚಿಕ್ಕಣ್ಣನವರು ನಮ್ಮ ದೊಡ್ಡಮ್ಮನ ಸೊಸೆಯ ತವರಿನ ಕಡೆಯವರು. ಅಂದರೆ ನೆಂಟರು ಹೌದು, ಪರಿಚಯ ಇಲ್ಲ. ಫೋನ್ ಮಾಡಿ ಕೇಳಿದರೆ ಮುಗಿಯುತ್ತಿತ್ತು. ಆದರೆ ಫೋನಿನಲ್ಲಿ ಯಾರಾದರೂ ಇಂಥದ್ದನ್ನು ಕೇಳುತ್ತಾರೆಯೇ? ಮಂಗಳವಾರ ಬೇಡವೆಂದು ಬುಧವಾರ ನಾನು ಶಾಲೆಗೆ ರಜಾ ಹಾಕಿದೆ. ಒಳ್ಳೆಯ ಸೀರೆ ಉಟ್ಟೆ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು, ಎಲೆಅಡಿಕೆ, ಹೂವು, ಸಿಹಿ ತೆಗೆದುಕೊಂಡೆವು. ನಾಗಮಂಗಲದಲ್ಲಿ ಇಳಿದು ಮೊದಲು ಟೀ ಅಂಗಡಿಯಲ್ಲಿ ಕೂತೆವು. ಮನೆಯವರನ್ನು ಕೇಳುವುದಕ್ಕೆ ಮುಂಚೆ ಟೀ ಅಂಗಡಿಯವನನ್ನು ಕೇಳುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ‘ಚಿಕ್ಕಣ್ಣೋರು ಎಂಥ ಜನ’ ಎಂದು ಯಜಮಾನರು ಕೇಳಿದ ಕೂಡಲೇ ಅವನು ನನ್ನ ಸೀರೆ, ಹೂವು, ಹಣ್ಣಿನ ಚೀಲ ಎಲ್ಲವನ್ನೂ ಒಮ್ಮೆ ನೋಡಿ, “ಬಾಳ ಒಳ್ಳೆ ಜನ ಸಾ. ಉಡ್ಗ ಅಂತೂ ಚಿನ್ನ. ಬೀಡಿ ಸಿಗರೇಟು ಏನೂ ಇಲ್ಲ” ಎಂದ. ಹುಡುಗನ ವಿಷಯ ನಾವು ಕೇಳಿಯೇ ಇರಲಿಲ್ಲ. ಅಲ್ಲೇ ಅರ್ಥವಾಗಬೇಕಿತ್ತು. ವಿಜ್ಞಾನ ಹೇಳಿಕೊಡುವ ನಾನು ಅವನ ಟೀ ಚೆನ್ನಾಗಿದೆ ಎಂದು ಮೆಚ್ಚಿಕೊಳ್ಳುತ್ತ ಕೂತಿದ್ದೆ.

ಚಿಕ್ಕಣ್ಣನವರ ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಅರ್ಜಿಯ ವಿಷಯ ಎತ್ತಬಾರದೆಂದು ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು. ಹಾಕಿ ಸಿಗದೇ ಹೋದರೆ ನಾಲ್ಕು ತಾಲ್ಲೂಕು ನಗುತ್ತದೆ. ಯಜಮಾನರು ಮಳೆ, ಕಬ್ಬು, ರಾಗಿ, ಹಸುವಿನ ಕೆಚ್ಚಲುಬಾವು ಎಲ್ಲ ಮುಗಿಸಿ “ಅಂದಂಗೆ...” ಎಂದರು. “ನಿಮ್ಮುಡ್ಗ ಇರೋ ಊರು ಎಂಗೆ?”

“ತಣ್ಗೈತಂತೆ ಕಣಣ್ಣ. ಜನ ಒಳ್ಳೇರಂತೆ.”

“ಒಬ್ನೇ ಅವ್ನಾ? ಜತೇಲಿ ಯಾರಾರ ಅವ್ರಾ?”

ಚಿಕ್ಕಣ್ಣನವರು ನೆಟ್ಟಗೆ ಕೂತರು. “ಒಬ್ನೇ. ಅಂತಾ ಚಾಳಿ ಯಾವ್ದೂ ಇಲ್ಲ” ಎಂದರು ಗಂಭೀರವಾಗಿ. ನನ್ನ ತಲೆಯಲ್ಲಿ ಮಗಳ ಊಟದ ಚಿಂತೆ. “ಅಲ್ಲಿ ಅಡುಗೆ ಗಿಡುಗೆ ಹೆಂಗೆ?” ಎಂದು ಬಾಯಿ ಹಾಕಿದೆ. ಅವರ ಹೆಂಡತಿ ಜಯಮ್ಮ ಒಳಗಿಂದ ಓಡಿ ಬಂದು, “ಎಲ್ಲಾ ಅವ್ನೇ ಮಾಡ್ತನೆ ಕಣಕ್ಕ. ಮುದ್ದೆ ತಿರುವ್ತನೆ, ಉಪ್ಸಾರು ಮಾಡ್ತನೆ. ನಿಮ್ಮುಡ್ಗಿ ಕೈತೊಳ್ಕಂಡು ತಣಿಗೆ ಮುಂದೆ ಕುಂತ್ಕಂಡ್ರೆ ಸಾಕು” ಎಂದರು. ಪರಿಚಯವೇ ಇಲ್ಲದ ಹುಡುಗಿಗೆ ಮುದ್ದೆ ತಿರುವಿ ಹಾಕುವಷ್ಟು ದೊಡ್ಡ ಮನಸ್ಸಿನ ಜನ ಇನ್ನೂ ಇದ್ದಾರಲ್ಲ ಎಂದು ನಾನು ಕರಗಿಹೋದೆ. ಯಜಮಾನರಂತೂ, “ನಮ್ಮುಡ್ಗೀನೂ ಆ ಊರ್ಗೇ ಕಳ್ಸೋದು ಅಂತ ಒಂದ್ ಯೋಚ್ನೆ. ನಿಮ್ಮುಡ್ಗ ಅವ್ನೆ ಅಂದ್ರೆ ನಮ್ಗೂ ಧೈರ್ಯ” ಎಂದುಬಿಟ್ಟರು. ಚಿಕ್ಕಣ್ಣನವರು ಸೂರು ನೋಡುತ್ತ, “ನಮ್ದೇನೈತಣ್ಣ, ಎಲ್ಲಾ ಋಣ” ಎಂದರು. ಜಯಮ್ಮ ನನಗೆ ಕುಂಕುಮ ಕೊಟ್ಟು, ಕುಪ್ಪಸದ ಕಣ ಇಟ್ಟು, ಮೊಬೈಲಿನಲ್ಲಿದ್ದ ಮಗಳ ಫೋಟೋ ನೋಡಿ ಅದನ್ನು ತಮ್ಮ ಮೊಬೈಲಿಗೂ ಹಾಕಿಸಿಕೊಂಡರು. ಬಸ್ಸಿನಲ್ಲಿ ಬರುತ್ತ ಯಜಮಾನರು, “ಮಿಷಿಗನ್ ಗಟ್ಟಿ ಮಾಡ್ಕೋ” ಎಂದರು.

ಒಂದೇ ಕಡೆ ನೋಡಿ ಒಪ್ಪಿಕೊಳ್ಳುವುದು ಜಾಣತನವಲ್ಲ. ಮುಂದಿನ ವಾರ ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಗೆ ಹೋದೆವು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಂಜೇಗೌಡರ ಮಗ ಹ್ಯೂಸ್ಟನ್ನಿನಲ್ಲಿ ಕೈಕಾಲು ನೋವಿಗೆ ವ್ಯಾಯಾಮ ಮಾಡಿಸುವ ವೈದ್ಯ. ಅಲ್ಲೂ ಹಲ್ಲಿನ ಕಾಲೇಜಿದೆ. ಮಾಕವಳ್ಳಿಯಲ್ಲೂ ಅದೇ ಬಾಳೆಹಣ್ಣು, ಅದೇ ‘ಅಂದಂಗೆ’. ಒಂದು ಸಲ ಮಾಡಿದ ಅಭ್ಯಾಸವಿತ್ತಲ್ಲ, ಈ ಸಲ ಹುಡುಗನ ಸಂಬಳ, ಮನೆ, ಕೋಣೆಗಳು, ನೀರಿನ ಅನುಕೂಲ ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸಿ ಬಂದೆವು. ಊರಿನ ಬೆಲೆ ತಿಳಿಯಬೇಕಾದರೆ ಅಲ್ಲಿ ಬಾಳುವವನ ಗತಿ ತಿಳಿಯಬೇಡವೇ?

ಆಮೇಲೆ ಆ ಭಾನುವಾರ ಬಂತು. ಬೆಳಿಗ್ಗೆ ಚಿಕ್ಕಣ್ಣ ದಂಪತಿ ಕಾರಿನಲ್ಲಿ ಬಂದು ಇಳಿದರು. ಜಯಮ್ಮನ ಕೈಯಲ್ಲಿ ಹಣ್ಣಿನ ತಟ್ಟೆ, ಮೊಳಗಟ್ಟಲೆ ಮಲ್ಲಿಗೆ. “ಉಡ್ಗಿ ಮನೇಲವ್ಳಾ?” ಎಂದು ಕೇಳಿದ ರಾಗದಲ್ಲೇ ಅವರು ಹೆಣ್ಣು ನೋಡಲು ಬಂದಿದ್ದಾರೆಂದು ನನಗೆ ಹೊಳೆಯಿತು. ಏನೂ ತೋಚದಾಗ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಉಪ್ಪಿಟ್ಟು ಕೇಸರಿಬಾತಿಗೆ ರವೆ ಹುರಿಯಲು ಒಳಗೆ ಓಡಿದೆ. ಅದರಿಂದ ಇನ್ನಷ್ಟು ಕೆಟ್ಟಿತು. ಕೇಸರಿಬಾತಿನ ವಾಸನೆ ಬಂದ ಮನೆಯಲ್ಲಿ ಸಂಬಂಧ ಕುದುರಿತೆಂದೇ ಲೆಕ್ಕ. ಅಷ್ಟರಲ್ಲಿ ಮಾಕವಳ್ಳಿಯ ನಂಜೇಗೌಡರೂ ಅವರ ಹೆಂಡತಿಯೂ ಬಂದರು. ಅವರ ಕೈಯಲ್ಲೂ ತಟ್ಟೆ. ಎರಡು ಮನೆಯವರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು. ಪರಿಚಯ ಮಾಡಿಸದಿದ್ದರೆ ತಪ್ಪಾಗುತ್ತದೆಂದು ಯಜಮಾನರು ಬೆವರು ಒರೆಸಿಕೊಳ್ಳುತ್ತ, “ಇವ್ರು ಮಿಷಿಗನ್ ಕಡೆಯೋರು, ಇವ್ರು ಹ್ಯೂಸ್ಟನ್ ಕಡೆಯೋರು” ಎಂದರು.

ಗುರ್ರೆನ್ನುವ ಶಬ್ದ ನಿಂತಿತು. ಒಳಗೆ ದವಡೆ ಕೊರೆಯುತ್ತಿದ್ದ ಮಗಳು ಕಣ್ಣಿಗೆ ಕನ್ನಡಕ, ಮೂಗುಬಾಯಿಗೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡೇ ಹಜಾರಕ್ಕೆ ಬಂದಳು. ಹಣೆಯೊಂದು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಜಯಮ್ಮ, “ಲಕ್ಷಣವಾಗವ್ಳೆ” ಎಂದರು. ಮಗಳು ಎರಡು ತಟ್ಟೆಗಳನ್ನು ನೋಡಿದಳು, ಮಲ್ಲಿಗೆ ನೋಡಿದಳು, ನನ್ನ ಕೈಯಲ್ಲಿದ್ದ ಕೇಸರಿಬಾತನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಕೇಸರಿಬಾತಿನ ಕಡೆ ನೋಡಿದೆ.

“ಬನ್ನಿ ಅಂಕಲ್, ಬೆಳಕಿಗೆ ಬನ್ನಿ” ಎಂದು ಚಿಕ್ಕಣ್ಣನವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದಳು. “ಬಾಯಿ ತೆಗೀರಿ.” ಹೆಣ್ಣು ನೋಡಲು ಬಂದವರು ಬಾಯಿ ತೆಗೆದರು. “ಹೊಗೆಸೊಪ್ಪು ಹಾಕ್ತೀರಾ?” ಚಿಕ್ಕಣ್ಣನವರು ಓರೆಗಣ್ಣಿನಲ್ಲಿ ಹೆಂಡತಿಯನ್ನು ನೋಡಿ, ಬಾಯಿ ತೆರೆದೇ, “ಆಗೊಂದ್ ದಪ ಈಗೊಂದ್ ದಪ” ಎಂಬಂತೆ ಏನೋ ಅಂದರು. “ದಿನಾ ಹಾಕ್ತೀರಿ. ಇಲ್ಲೇ ಗೊತ್ತಾಗ್ತಿದೆ” ಎಂದಳು ಮಗಳು. ಬಿಟ್ಟೇಬಿಟ್ಟೆ ಎಂದು ಗಂಡ ಆಣೆ ಮಾಡಿದ್ದನ್ನು ನಂಬಿಕೊಂಡಿದ್ದ ಜಯಮ್ಮ ತಟ್ಟೆಯನ್ನು ದಡಕ್ಕನೆ ಕೆಳಗಿಟ್ಟರು. ಅವರಾದ ಮೇಲೆ ನಂಜೇಗೌಡರ ಸರದಿ. ಯಾರ ಬಾಯಿಯೂ ಜಾತಕದ ಮಾತೆತ್ತುವ ಸ್ಥಿತಿಯಲ್ಲಿರಲಿಲ್ಲ. ಯಜಮಾನರು ನನ್ನ ಕಿವಿಯಲ್ಲಿ, “ಎತ್ತು ಕೊಳ್ಳೋವಾಗ ನಾವು ಅಲ್ಲು ನೋಡ್ತೀವಿ. ಇವ್ಳು ಬೀಗ್ರುದ್ದೇ ನೋಡ್ತಾವ್ಳಲ್ಲಮ್ಮಿ” ಎಂದು ಪಿಸುಗುಟ್ಟಿದರು.

ಕೊನೆಗೆ ಮಗಳು ಮಾಸ್ಕು ತೆಗೆದು, “ಅಂಕಲ್, ಆಂಟಿ, ನಾನು ಹುಡುಕ್ತಿರೋದು ಓದೋಕೆ ಕಾಲೇಜು. ಗಂಡು ಅಲ್ಲ. ಅಪ್ಪ ಅಮ್ಮ ನಿಮ್ಮ ಮನೆಗೆ ಬಂದಿದ್ದು ಊರು ಹೆಂಗಿದೆ ಅಂತ ಕೇಳೋಕೆ” ಎಂದಳು. ನೇರವಾಗಿ, ಎರಡೇ ಉಸಿರಿಗೆ. ನಂಜೇಗೌಡರು ನಮ್ಮೆಡೆಗೆ ತಿರುಗಿ, “ಅಲ್ಲ ಕಣಯ್ಯಾ, ಕಾಲೇಜ್ ಕೇಳಕ್ಕೆ ಯಾರಾರ ಎಲೆಅಡ್ಕೆ ತಗಂಡ್ ಬತ್ತರಾ?” ಎಂದರು. “ಬರಿಗೈಲಿ ಬರೋದು ಎಂಗೆ ಅಂತ...” ಎಂದು ಯಜಮಾನರು ತೊದಲಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಬಿಟ್ಟಿದ್ದರೆ ಮಗಳು ಅದನ್ನೂ ಪರೀಕ್ಷೆ ಮಾಡುತ್ತಿದ್ದಳು. ಒಳ್ಳೆಯ ಜನ, ಪಾಪ, ಉಪ್ಪಿಟ್ಟು ತಿಂದೇ ಹೋದರು. ಚಿಕ್ಕಣ್ಣನವರು ಕಾರು ಹತ್ತುವ ಮುಂಚೆ ಮಗಳ ಹತ್ತಿರ ಬಂದು, “ಆ ದವಡೆ ಅಲ್ಲು ಕೀಳ್ಬೇಕೇನವ್ವ?” ಎಂದು ಮೆತ್ತಗೆ ಕೇಳಿದರು. “ಬೇಡ. ಗುರುವಾರ ಕ್ಲಿನಿಕ್ಕಿಗೆ ಬನ್ನಿ, ಉಳಿಸ್ತೀನಿ” ಎಂದಳು.

ಮಗಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಂಜೆ ಕಂಪ್ಯೂಟರಿನ ಮುಂದೆ ಕೂತು, “ಅಮ್ಮ, ಇನ್ನೂ ಯಾವ ಯಾವ ಊರಲ್ಲಿ ನಮ್ಮೋರಿದಾರೆ, ಎಲ್ಲಾ ಹೇಳು” ಎಂದಳು. ಅಂತೂ ಬುದ್ಧಿ ಬಂತಲ್ಲ ಎಂದು ನಾನು ಉಬ್ಬಿಹೋಗಿ, ಚಿಕ್ಕಮ್ಮನ ಅಳಿಯನಿಂದ ಹಿಡಿದು ಕಿರಂಗೂರಿನ ನಮ್ಮ ಸಹೋದ್ಯೋಗಿಯ ನಾದಿನಿಯವರೆಗೆ ಒಂದೊಂದೇ ಊರು ಒಪ್ಪಿಸಿದೆ. ಯಜಮಾನರೂ ಸೇರಿಕೊಂಡು, ಬಫೆಲೊದಲ್ಲಿ ಡೈರಿ ಕಾರ್ಯದರ್ಶಿಯ ಷಡ್ಡಕನಿದ್ದಾನೆ ಎಂದು ಖುಷಿಯಿಂದ ಸೇರಿಸಿದರು. ಅರ್ಧ ಅಮೆರಿಕ ಮುಗಿದ ಮೇಲೆ ಬಗ್ಗಿ ನೋಡುತ್ತೇನೆ, ನಾವು ಹೇಳಿದ ಊರನ್ನೆಲ್ಲ ಅವಳು ಅಳಿಸುತ್ತ ಬಂದಿದ್ದಳು! ಎಮ್ಮೆಯೂ ಹೋಗಿತ್ತು. “ಏನೇ ಇದು?”

“ಕಾಲೇಜು ಆಯ್ಕೆ ಮಾಡ್ತಿದೀನಿ” ಎಂದಳು.

ಉಳಿದ ಬೆರಳೆಣಿಕೆಯ ಊರುಗಳಿಗೆ ಅರ್ಜಿ ಹೋಯಿತು. ಆಮೇಲೆ ಒಂದೊಂದಾಗಿ ‘ಇಲ್ಲ’ ಎನ್ನುವ ಉತ್ತರ ಬರತೊಡಗಿತು. ಎಷ್ಟು ನಯವಾಗಿ ಬರೆಯುತ್ತಾರೆಂದರೆ, ಪೂರ್ತಿ ಓದುವವರೆಗೆ ಸೀಟು ಕೊಟ್ಟಿದ್ದಾರೆಂದೇ ಅನ್ನಿಸುತ್ತದೆ. ಮೊದಲ ಸಲ ಅವಳು ನಕ್ಕಳು. ಎರಡನೆಯ ಸಲ ಏನೂ ಹೇಳದೆ ಕೊಟ್ಟಿಗೆಯ ಕಡೆ ಹೋಗಿ ಕರುವಿನ ಕತ್ತು ಸವರುತ್ತ ನಿಂತಳು. ನಮ್ಮ ಬಾಳೆಹಣ್ಣು ಎಲೆಅಡಿಕೆಯಿಂದ ಹುಡುಗಿಯ ದಾರಿ ಕಿರಿದಾಯಿತು, ಆ ಅಳಿಸಿದ ಊರುಗಳಲ್ಲೇ ಯಾವುದಾದರೂ ಒಂದು ಇವಳನ್ನು ಕರೆಯುತ್ತಿತ್ತೇನೋ ಎಂದು ನನಗೆ ಅನ್ನ ಸೇರಲಿಲ್ಲ. ಯಜಮಾನರು ಮಗಳ ಎದುರು ಬೀಳುವುದನ್ನೇ ಬಿಟ್ಟು ಗದ್ದೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡರು.

ಕೊನೆಗೊಂದು ಊರಿನಿಂದ ಸಂದರ್ಶನಕ್ಕೆ ಕರೆ ಬಂತು, ಕಂಪ್ಯೂಟರಿನಲ್ಲೇ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ‘ಅಲ್ಲಿ ನಮ್ಮ ಭಾವನ ಮಗ ಇದ್ದಾನೆ’ ಎಂದು ಹೊರಡುತ್ತೀರಿ. ಬಾಗಿಲ ಹತ್ತಿರ ಸುಳಿಯಕೂಡದೆಂದು ಮಗಳು ಆಜ್ಞೆ ಮಾಡಿದ್ದರಿಂದ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆ ಕಡೆ ನೆರೆಗೂದಲಿನ ಒಬ್ಬ ಪ್ರೊಫೆಸರಮ್ಮ. ಹಲ್ಲು, ಕ್ಲಿನಿಕ್ಕು, ಓದು ಎಲ್ಲ ಕೇಳಿ ಕಡೆಗೆ, “ಇಷ್ಟು ಕಾಲೇಜುಗಳಿವೆ, ನಮ್ಮದನ್ನೇ ಯಾಕೆ ಆರಿಸಿದೆ?” ಎಂದರು. ಮಗಳು ಅವರ ಚಿಕಿತ್ಸಾ ವಿಭಾಗ, ಹಲ್ಲು ಉಳಿಸುವ ವಿಧಾನ ಎಲ್ಲ ಸೊಗಸಾಗಿ ಹೇಳಿದಳು. ನಾನು ಮನಸ್ಸಿನಲ್ಲೇ ಪೂರ್ತಿ ಅಂಕ ಹಾಕಿದೆ. ಅಲ್ಲಿಗೆ ನಿಲ್ಲಿಸಬಾರದೇ? “ಇನ್ನೊಂದು ಕಾರಣ ಇದೆ. ನಿಮ್ಮ ಊರಲ್ಲಿ ನನ್ನ ಅಮ್ಮನಿಗೆ ಗೊತ್ತಿರುವವರು ಒಬ್ಬರೂ ಇಲ್ಲ” ಎಂದುಬಿಟ್ಟಳು! ಪ್ರೊಫೆಸರಮ್ಮ ಬಿಡಲಿಲ್ಲ, ಅದೇನೆಂದು ಕೆದಕಿದರು. ನಾಗಮಂಗಲ, ಮಾಕವಳ್ಳಿ, ಕೇಸರಿಬಾತು, ಅಂಕಲ್‌ಗಳ ದವಡೆ ಎಲ್ಲವೂ ಇಂಗ್ಲಿಷಿನಲ್ಲಿ ಸಾಗರ ದಾಟಿತು. ಆಕೆ ನಕ್ಕ ನಗುವಿಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು. ಕಿಟಕಿಯ ಹಿಂದೆ ನಾನೂ ಕಣ್ಣು ಒರೆಸಿಕೊಂಡೆ, ಕಾರಣ ಬೇರೆ.

ಸೀಟು ಸಿಕ್ಕಿತು. ಅತ್ತೆ ಬೀದಿಗೆಲ್ಲ ಬೆಲ್ಲ ಹಂಚಿದರು. ಹಲ್ಲಿನ ಡಾಕ್ಟರ ಮನೆಯವರು ಬೆಲ್ಲ ಹಂಚಬಹುದೇ ಎಂದು ಯಾರೂ ಕೇಳಲಿಲ್ಲ. ಮಗಳು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ನಾಲ್ಕನೆಯ ದಿನ ಸಂಜೆ ನಾನು ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು. ನಾಲ್ಕು ಕಾಯಿ ಸುಲಿದಳು. ಈ ಸಲ ಅವರೆಗೆ ಸೊಗಡು ಕಡಿಮೆ ಎಂದಳು. ಅಜ್ಜಿಯ ಮಂಡಿನೋವು ವಿಚಾರಿಸಿದಳು. ಆಮೇಲೆ ನನ್ನ ಮುಖ ನೋಡದೆ, “ಅಂದಂಗೆ ಅಮ್ಮ...” ಎಂದಳು.

ನನ್ನ ಕೈ ನಿಂತಿತು.

“ಆ ಊರಲ್ಲಿ ನಿಜವಾಗ್ಲೂ ನಮ್ಮೋರು ಯಾರೂ ಇಲ್ವಾ? ಸರಿಯಾಗಿ ವಿಚಾರಿಸ್ದಾ?”

ಅವಳು ಸಂದರ್ಶನದಲ್ಲಿ ಕೊಟ್ಟ ಉತ್ತರವನ್ನು ಸುಳ್ಳು ಮಾಡುವುದು ತಾಯಿಯಾದವಳಿಗೆ ಶೋಭೆಯಲ್ಲ. “ಒಬ್ಬರೂ ಇಲ್ಲ ಕಣವ್ವ. ನಾವ್ಯಾಕೆ ವಿಚಾರಿಸೋಕೆ ಹೋಗೋಣ?” ಎಂದೆ. ಅದೇ ಹೊತ್ತಿಗೆ ಯಜಮಾನರು ಒಳಗಿಂದ ಫೋನು ಹಿಡಿದುಕೊಂಡು ಬಂದು, ಮಗಳು ಕೂತಿದ್ದನ್ನು ಕಾಣದೆ, “ಲೇ, ನೀನ್ ಮೊನ್ನೆ ವಿಚಾರ್ಸಕ್ಕೆ ಓಗಿದ್ಯಲ್ಲ, ಆ ಶ್ರೀರಂಗಪಟ್ಟಣದೋರು ಫೋನ್ ಮಾಡವ್ರೆ. ಅವ್ರ ಮಗಳ ಮನೆ ಕಾಲೇಜಿಂದ ಎರಡೇ ಬೀದಿಯಂತೆ. ನೀನ್ ಕೊಟ್ ಬಂದಿದ್ದ ಬಾಳೆಹಣ್ಣು ಬಾಳ ಚೆನ್ನಾಗಿದ್ವಂತೆ” ಎಂದರು.

ಮಗಳು ಸುಲಿಯುತ್ತಿದ್ದ ಅವರೆಕಾಯಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿನ ಹಿಂದೆ ಎದೆಯ ಭಾರ ಇಳಿದವರ ಉಸಿರೂ ಇತ್ತು.

“ಅವರ ಮನೇಲಿ ಗಂಡು ಹುಡುಗ ಇದಾನಾ?” ಎಂದಳು.

“ಒಬ್ಬ ಇದಾನೆ,” ಎಂದೆ. “ಇನ್ನೂ ಹಾಲುಹಲ್ಲು.”